ಟ್ಯಾಂಕ್ ಖಾಲಿ, ದೀಪ ಮಾತ್ರ ಕೆಂಪು: ಒಂದು ಬೋಟಿನ ಪ್ರಕರಣ

"ಪಂಪ್ ಹೊಸದು, ಸೆನ್ಸರ್ ಹೊಸದು, ಫ್ಯೂಸೂ ಹೊಸದು. ಆದ್ರೂ ಟ್ಯಾಂಕ್ ತುಂಬಿದೆ ಅಂತ ಕೆಂಪು ದೀಪ ಉರೀತಾನೇ ಇದೆ." ಬೋಟಿನ ಮಾಲೀಕರು ತಮ್ಮ ಟಾಯ್ಲೆಟ್ ಟ್ಯಾಂಕಿನ ಬಗ್ಗೆ ಫೋನಿನಲ್ಲಿ ಹೇಳಿದ ಮೊದಲ ಮಾತು ಇದು. ಈ ಮೂರು ಹೊಸ ಸಾಮಾನಿನಲ್ಲಿ ಎರಡು ದಂಡದ ಖರ್ಚು, ಒಂದು ಅಪಾಯ ಅಂತ ಗೊತ್ತಾಗಲು ನನಗೆ ಎರಡು ಭೇಟಿ ಬೇಕಾಯಿತು. ನಡುವೆ ನಾನೂ ಒಂದು ಒಳ್ಳೆಯ ತಪ್ಪು ಮಾಡಿದೆ. ಈ ಪ್ರಕರಣ ಬರೆಯಲು ಮುಖ್ಯ ಕಾರಣ ಆ ತಪ್ಪೇ. ಬೋಟು ಯಾರದು, ಎಲ್ಲಿಯದು ಎನ್ನುವುದು ಇಲ್ಲಿ ಬೇಡ.

ಬೋಟು ಮತ್ತು ಟ್ಯಾಂಕು

ಸುಮಾರು 12 ಮೀಟರ್ ಉದ್ದದ ಬೋಟು. ಒಳಗೆಲ್ಲ 12 ವೋಲ್ಟ್ ಬ್ಯಾಟರಿಯ ಕರೆಂಟು. ಟಾಯ್ಲೆಟ್ ಕೂಡ ಮೋಟಾರಿನದೇ. ಬಟನ್ ಒತ್ತಿದರೆ ಎಲ್ಲವೂ 120 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ಹೋಗಿ ಬೀಳುತ್ತದೆ. ಅದನ್ನು ಖಾಲಿ ಮಾಡಲು ಎರಡು ದಾರಿ. ಬಂದರಿನಲ್ಲಿದ್ದರೆ ಡೆಕ್ಕಿನ ಮೇಲಿನ ಮುಚ್ಚಳ ತೆಗೆದು ದಡದ ಯಂತ್ರದಿಂದ ಎಳೆಸಬೇಕು. ದೂರದ ಕಡಲಿನಲ್ಲಿ, ನಿಯಮ ಬಿಡುವ ಜಾಗದಲ್ಲಿ, ಬೋಟಿನ ಪಂಪೇ ಅರೆದು ಹೊರಗೆ ದೂಡುತ್ತದೆ. ಮ್ಯಾಸರೇಟರ್ ಎನ್ನುವುದು ಇದನ್ನೇ. ನಿಮಿಷಕ್ಕೆ ಸುಮಾರು 40 ಲೀಟರ್ ಎತ್ತುತ್ತದೆ, ಅಂದರೆ ತುಂಬಿದ ಟ್ಯಾಂಕಿಗೆ 3 ನಿಮಿಷ ಸಾಕು.

ಟ್ಯಾಂಕಿಗೆ ಇನ್ನೊಂದು ಸಣ್ಣ ಪೈಪ್ ಇದೆ, ವೆಂಟ್. ಟ್ಯಾಂಕಿನ ನೆತ್ತಿಯಿಂದ ಹೊರಟು ಬೋಟಿನ ಪಕ್ಕದಲ್ಲಿ ಹೊರಗೆ ತೆರೆದುಕೊಳ್ಳುತ್ತದೆ. ಒಳಗೆ ಹೋದಷ್ಟು ಗಾಳಿ ಹೊರಗೆ, ಹೊರಗೆ ಹೋದಷ್ಟು ಗಾಳಿ ಒಳಗೆ, ಅಷ್ಟೇ ಅದರ ಕೆಲಸ. ವಾಸನೆ ಬರಬಾರದೆಂದು ಅದರ ದಾರಿಯಲ್ಲಿ ಇದ್ದಿಲಿನ ಫಿಲ್ಟರ್ ಹಾಕಿದ್ದರು. ಈ ಪೈಪಿಗೂ ಕರೆಂಟಿಗೂ ಏನೇನೂ ಸಂಬಂಧವಿಲ್ಲ ಅಂತ ನಾನೂ ಅಂದುಕೊಂಡಿದ್ದೆ.

ಮಟ್ಟ ತೋರಿಸುವ ಸೆನ್ಸರ್ 10ರಿಂದ 180 ಓಮಿನದು; ಓಮ್ ಅಂದರೆ ಕರೆಂಟಿಗೆ ಎಷ್ಟು ತಡೆ ಅನ್ನುವ ಅಳತೆ. ಖಾಲಿ ಇದ್ದರೆ 10, ತುಂಬಿದರೆ 180. ಇದಕ್ಕೆ ತದ್ವಿರುದ್ಧ ಇನ್ನೊಂದು ಜಾತಿ ಇದೆ: ಖಾಲಿಗೆ 240, ತುಂಬಿದರೆ 33. ಯಾವುದು ಅಂತ ಮೊದಲೇ ನೋಡಿಕೊಳ್ಳದಿದ್ದರೆ ಇಡೀ ದಿನ ಉಲ್ಟಾ ಯೋಚನೆ ಮಾಡುತ್ತಾ ಕೂರಬೇಕಾಗುತ್ತದೆ. ಸೆನ್ಸರಿನ ಲೆಕ್ಕ ನೋಡಿ ಕಂಟ್ರೋಲರ್ ದೀಪ ಉರಿಸುತ್ತದೆ. ತುಂಬಿದೆ ಅನ್ನಿಸಿದರೆ ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್, ಬಿಡಿಸಿ ಟಾಯ್ಲೆಟ್ಟಿನ ಮೋಟಾರನ್ನೇ ನಿಲ್ಲಿಸುತ್ತದೆ, ಉಕ್ಕಿ ಹರಿಯಬಾರದಲ್ವಾ.

ನಾನು ಹೋಗುವ ಮುಂಚೆ

ಮಾಲೀಕರ ನೆನಪಿನ ಪ್ರಕಾರ ಕಥೆ ಹೀಗೆ. ಒಂದು ದಿನ ಪಂಪ್ ಓಡುವಾಗ 20 ಆಂಪಿಯರಿನ ಫ್ಯೂಸ್ ಹೋಯಿತು. ಹೊಸದು ಹಾಕಿದರು, ಅದೂ ಹೋಯಿತು. ಪಕ್ಕದ ಬೋಟಿನವರು 30 ಹಾಕಿ ಅಂದರು. ಹಾಕಿದರು, ಫ್ಯೂಸ್ ಹೋಗುವುದು ನಿಂತಿತು. ಸಮಸ್ಯೆ ಮುಗಿಯಿತು ಅಂದುಕೊಂಡರು.

ಕೆಲವು ತಿಂಗಳ ನಂತರ ಪಂಪಿನ ಸದ್ದು ಮಂದವಾಯಿತು. ಆಮೇಲೆ ದೀಪದ ಕಾಟ ಶುರು. ಪಂಪ್ ಎಷ್ಟು ಹೊತ್ತು ಓಡಿಸಿದರೂ ಕೆಂಪು ಹೋಗುತ್ತಿರಲಿಲ್ಲ. ಇನ್ನೂ ಖಾಲಿಯಾಗಿಲ್ಲ ಅಂತ ಅವರು ಮತ್ತಷ್ಟು ಓಡಿಸುತ್ತಿದ್ದರು. ಈ ಪಂಪಿನೊಳಗೆ ರಬ್ಬರಿನ ರೆಕ್ಕೆಚಕ್ರ, ಇಂಪೆಲ್ಲರ್, ಇರುತ್ತದೆ, ನೀರೇ ಅದಕ್ಕೆ ಎಣ್ಣೆ. ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಸುಟ್ಟು ಹರಿಯುತ್ತದೆ. ಹರಿಯಿತು. ಹೊಸ ಪಂಪ್ ಬಂತು. ದೀಪ ಹಾಗೇ ಇತ್ತು, ಹೊಸ ಸೆನ್ಸರ್ ಬಂತು. ದೀಪ ಆಗಲೂ ಹಾಗೇ ಇತ್ತು. ಜೊತೆಗೆ ಈಗ ಟಾಯ್ಲೆಟ್ ಫ್ಲಶ್ ಒತ್ತಿದರೆ ಎಲ್ಲಿಂದಲೋ ಕಟಕಟ ಸದ್ದು. ಮೋಟಾರ್ ಎರಡು ಹೆಜ್ಜೆ ಓಡಿ ನಿಂತು, ಮತ್ತೆ ಓಡಿ ನಿಂತು, ಬಿಕ್ಕಳಿಕೆ ಬಂದವರ ಹಾಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಅನ್ನುತ್ತಾರಲ್ಲ, ಇಲ್ಲಿ ಎರಡು ಎಮ್ಮೆಗೆ ಬರೆ ಬಿದ್ದಿತ್ತು.

ಮೊದಲ ಭೇಟಿ

ಹಿಂದಿನ ದಿನವೇ ದಡದ ಯಂತ್ರದಿಂದ ಟ್ಯಾಂಕ್ ಎಳೆಸಿ, ತೊಳೆಸಿ, ಅರ್ಧ ಒಳ್ಳೆಯ ನೀರು ತುಂಬಿಸಿಡಲು ಹೇಳಿದ್ದೆ. ಹೋದವನೇ ಕಿಟಕಿ ಬಾಗಿಲು ಎಲ್ಲ ತೆಗೆಸಿದೆ. ಇಂಥ ಟ್ಯಾಂಕಿನಲ್ಲಿ ಮೀಥೇನ್ ಇರಬಹುದು, ಅದಕ್ಕೆ ಕಿಡಿ ತಗುಲಬಾರದು. ಹೈಡ್ರೋಜನ್ ಸಲ್ಫೈಡ್ ಇನ್ನೂ ಕಳ್ಳ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಜಾಸ್ತಿಯಾದರೆ ಮೂಗೇ ಸತ್ತುಹೋಗುತ್ತದೆ. ವಾಸನೆ ಹೋಯಿತು ಅಂತ ತಲೆ ಒಳಗೆ ಹಾಕಬಾರದು.

ಪಂಪಿನ ಪ್ಲಗ್ ಬಿಚ್ಚಿ ಮಲ್ಟಿಮೀಟರ್ ಇಟ್ಟೆ. 12.6 ವೋಲ್ಟ್. ತಂತಿ ಚೆನ್ನಾಗಿದೆ ಅಂತ ತೀರ್ಮಾನಿಸಿ ಕಂಟ್ರೋಲರ್ ಮೇಲೆ ಅನುಮಾನ ಪಟ್ಟೆ. ಮುಂದಿನ ಎರಡು ಗಂಟೆ ನೀರಿಗೆ ಹೋಯಿತು. ಮಲ್ಟಿಮೀಟರ್ ತಾನಾಗಿ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ. ತಂತಿಯ ಒಂದೇ ಒಂದು ಎಳೆ ಉಳಿದಿದ್ದರೂ ಅದು ಪೂರ್ತಿ 12.6 ತೋರಿಸುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಆ ಅಂಕಿ ನೋಡಿ ಸಮಾಧಾನವಾಯಿತು.

ಕಂಟ್ರೋಲರ್ ತಪ್ಪೋ ಸರಿಯೋ ನೋಡಲು ಸೆನ್ಸರಿನ ತಂತಿ ಬಿಡಿಸಿ, ಪ್ಯಾನೆಲ್ಲಿನ ಹಿಂದೆಯೇ 10 ಓಮಿನ ರೆಸಿಸ್ಟರ್ ಹಾಕಿದೆ. ದೀಪ ಹಸಿರು. 180 ಓಮಿನದು ಹಾಕಿದೆ, ಕೆಂಪು. ಮತ್ತೆ 10 ಹಾಕಿ, ಪಂಪಿನ ಪ್ಲಗ್ ಕೊಟ್ಟು ಓಡಿಸಿದೆವು, ಹಸಿರೇ ಉಳಿಯಿತು. ಕಂಟ್ರೋಲರಿನ ತಪ್ಪೇನೂ ಇಲ್ಲ. ಸೆನ್ಸರಿನ ತಂತಿ ವಾಪಸ್ ಕೊಟ್ಟು ಮಾಲೀಕರಿಗೆ ಪಂಪ್ ಸ್ವಿಚ್ ಒತ್ತಲು ಹೇಳಿದೆ. ಒತ್ತಿದ ಕ್ಷಣವೇ ಕೆಂಪು. ಬಿಟ್ಟ ಕ್ಷಣವೇ ಹಸಿರು. ಇನ್ನೊಮ್ಮೆ ಒತ್ತಿಸಿದೆ. ಮತ್ತೂ ಒಮ್ಮೆ.

ಅರ್ಧ ನೀರಿರುವ ಟ್ಯಾಂಕು ಸ್ವಿಚ್ ಒತ್ತಿದ ತಕ್ಷಣ ತುಂಬಿ, ಬಿಟ್ಟ ತಕ್ಷಣ ಇಳಿಯುತ್ತದಾ? ದೀಪ ನೀರಿಗೆ ಉರಿಯುತ್ತಿರಲಿಲ್ಲ, ಪಂಪಿನ ಕರೆಂಟಿಗೆ ಉರಿಯುತ್ತಿತ್ತು. ಇಷ್ಟು ದಿನ ಮಾಲೀಕರು ಇದನ್ನೇ ನೋಡುತ್ತಿದ್ದರು. ಆದರೆ ಪಂಪ್ ನಿಲ್ಲಿಸಿದ ಮೇಲೆ ದೀಪ ಆರಿದ್ದನ್ನು "ಅಂತೂ ಖಾಲಿಯಾಯಿತು" ಅಂತ ಓದಿಕೊಂಡಿದ್ದರು.

ಈಗ ಸರಿಯಾದ ಪರೀಕ್ಷೆ. ಪಂಪಿನ ಪ್ಲಗ್ ಹಾಕಿದ್ದಂತೆಯೇ, ಮೀಟರಿನ ಒಂದು ಕಡ್ಡಿಯನ್ನು ಉದ್ದ ತಂತಿಯಿಂದ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಪಂಪಿನ ನೆಗೆಟಿವ್‌ಗೆ ಇಟ್ಟೆ. ಎರಡೂ ನೆಗೆಟಿವ್ ತಾನೇ, ನಡುವೆ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಪಂಪ್ ಓಡಿಸಿದರೆ ಬಂದದ್ದು 2.1 ವೋಲ್ಟ್. ಪಾಸಿಟಿವ್ ಕಡೆ ಅದೇ ಪರೀಕ್ಷೆಗೆ 0.5. ಬ್ಯಾಟರಿಯಲ್ಲಿ 12.4 ಇದ್ದರೂ ಪಂಪಿನ ಬಾಯಿಗೆ ಸಿಗುತ್ತಿದ್ದದ್ದು 9.8 ಮಾತ್ರ. ತಂತಿ ಬಿಚ್ಚದೆ ಸುತ್ತ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟು 13 ಆಂಪಿಯರ್. ಇಂಥ ಪಂಪಿಗೆ ತಂತಿಯಲ್ಲಿ ಒಟ್ಟು ಶೇಕಡಾ 10ರಷ್ಟು, ಅಂದರೆ 1.2 ವೋಲ್ಟ್ ಹೋದರೆ ಸಹಿಸಬಹುದು. ಇಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ ಹೋಗುತ್ತಿತ್ತು.

ಬ್ಯಾಟರಿಯ ಮೇನ್ ಸ್ವಿಚ್ ಆರಿಸಿ ಕಪ್ಪು ತಂತಿಯನ್ನು ಬೆರಳಿನಲ್ಲೇ ಹಿಂಬಾಲಿಸಿದೆ. ಟ್ಯಾಂಕಿನ ಬುಡದಲ್ಲಿ, ಯಾವಾಗಲೂ ಒದ್ದೆ ಇರುವ ಮೂಲೆಯಲ್ಲಿ, ಟೇಪ್ ಸುತ್ತಿದ ಒಂದು ಗಂಟು ಸಿಕ್ಕಿತು. ಟೇಪಿನ ಅಂಟು ಕರಗಿ ಬೆಲ್ಲದ ಪಾಕದ ಹಾಗೆ ಎಳೆಎಳೆಯಾಗಿ ಬಂತು. ಒಳಗೆ ಹಸಿರು ಪುಡಿ, ಅದರ ಕೆಳಗೆ ಕಪ್ಪು. ಪಂಪಿನ ನೆಗೆಟಿವ್, ಟಾಯ್ಲೆಟ್ ಮೋಟಾರಿನ ನೆಗೆಟಿವ್, ಸೆನ್ಸರಿನ ನೆಗೆಟಿವ್, ಮೂರನ್ನೂ ಒಂದೇ ಜಾಯಿಂಟಿಗೆ ಸೇರಿಸಿ, ಅಲ್ಲಿಂದ ಒಂದೇ ತಂತಿಯಲ್ಲಿ ಬ್ಯಾಟರಿ ಕಡೆಗೆ ಕಳಿಸಿದ್ದರು. ತಂತಿಯ ಎಳೆಗಳನ್ನು ಉಗುರಿನಿಂದ ಮುಟ್ಟಿದರೆ ಊದುಬತ್ತಿಯ ಬೂದಿಯಂತೆ ಉದುರಿದವು. ಸಿಪ್ಪೆ ಬಿಡಿಸುತ್ತಾ ಹೋದೆ. ಒಂದು ಗೇಣಿನವರೆಗೂ ತಾಮ್ರ ಕಪ್ಪಾಗಿತ್ತು. ಉಪ್ಪುನೀರಿನ ಜೊತೆಗೆ ಟ್ಯಾಂಕಿನ ಗಾಳಿಯ ಗಂಧಕವೂ ತಾಮ್ರವನ್ನು ಹೀಗೆ ಕಪ್ಪು ಮಾಡುತ್ತದೆ.

ಆ ಗಂಟೊಂದರಲ್ಲೇ 1.6 ವೋಲ್ಟ್ ಹೋಗುತ್ತಿತ್ತು. 13 ಆಂಪಿಯರಿಗೆ ಲೆಕ್ಕ ಹಾಕಿದರೆ ಸುಮಾರು 21 ವ್ಯಾಟ್ ಬಿಸಿ. ಕಾರಿನ ಬ್ರೇಕ್ ದೀಪದ ಬಲ್ಬನ್ನು ಟೇಪಿನಲ್ಲಿ ಸುತ್ತಿ ಮಲದ ಟ್ಯಾಂಕಿನ ಕೆಳಗೆ ಇಟ್ಟ ಹಾಗೆ.

ದೀಪದ ಒಗಟೂ ಇಲ್ಲೇ ಬಿಡಿಸಿತು. ಕಂಟ್ರೋಲರ್ ಸೆನ್ಸರಿನ ಮೂಲಕ ಸಣ್ಣ ಕರೆಂಟ್ ಬಿಟ್ಟು, ಅಲ್ಲಿನ ವೋಲ್ಟೇಜಿನಿಂದ ಓಮ್ ಲೆಕ್ಕ ಹಾಕುತ್ತದೆ. ಪಂಪ್ ಓಡಿದಾಗ ಸೆನ್ಸರಿನ ನೆಗೆಟಿವ್ ಸುಮಾರು 2 ವೋಲ್ಟ್ ಮೇಲೆ ಏರುತ್ತಿತ್ತು. ಕಂಟ್ರೋಲರಿಗೆ ಅದು ಓಮ್ ಜಾಸ್ತಿಯಾದಂತೆ, ಅಂದರೆ ಟ್ಯಾಂಕ್ ತುಂಬಿದಂತೆ ಕಾಣುತ್ತಿತ್ತು. ಫ್ಲಶ್ ಒತ್ತಿದಾಗ ಟಾಯ್ಲೆಟ್ ಮೋಟಾರಿನ ಕರೆಂಟೂ ಅದೇ ಗಂಟಿನಲ್ಲಿ ಹಾಯಬೇಕು. "ತುಂಬಿದೆ" ಅಂತ ರಿಲೇ ಬಿಡುತ್ತಿತ್ತು. ಬಿಟ್ಟೊಡನೆ ಕರೆಂಟ್ ನಿಂತು "ಖಾಲಿ ಇದೆ" ಅಂತ ಮತ್ತೆ ಹಿಡಿಯುತ್ತಿತ್ತು. ಕಟಕಟ ಸದ್ದು ಅದೇ.

ಹಳೆಯ 2.5 ಚದರ ಮಿಲಿಮೀಟರಿನ ತಂತಿ ಕಿತ್ತು, ತವರ ಲೇಪಿಸಿದ 6ರ ತಂತಿಯನ್ನು ಹೋಗಿಬರುವ ಎರಡೂ ದಾರಿಗೆ ಎಳೆದೆ. ಟಾಯ್ಲೆಟ್ಟಿಗೆ ಅದರದೇ ನೆಗೆಟಿವ್. ಸೆನ್ಸರಿನ ನೆಗೆಟಿವ್ ನೇರವಾಗಿ ಕಂಟ್ರೋಲರಿಗೆ. ಒದ್ದೆ ಮೂಲೆಯಲ್ಲಿ ಜಾಯಿಂಟೇ ಇಲ್ಲ, ಬೇಕಾದ ಕಡೆ ಕ್ರಿಂಪ್ ಮಾಡಿ, ಅಂದರೆ ಲೋಹದ ತುದಿಯನ್ನು ತಂತಿಗೆ ಒತ್ತಿ ಬಿಗಿದು, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. 30ರ ಹಸಿರು ಫ್ಯೂಸ್ ತೆಗೆದು 20ರ ಹಳದಿ ಹಾಕಿದೆ.

ಆಮೇಲೆ ಪರೀಕ್ಷೆ. ಬಂದರಿನೊಳಗೆ ಟ್ಯಾಂಕಿನ ನೀರನ್ನು ಹೊರಗೆ ಬಿಡುವಂತಿಲ್ಲ. ಅದಕ್ಕೆ ಟ್ಯಾಂಕಿನ ಮೇಲಿನ ದೊಡ್ಡ ಮುಚ್ಚಳ ತೆಗೆದು, ಪಂಪಿನಿಂದ ಹೊರಹೋಗುವ ಹೋಸನ್ನು ಅಲ್ಲಿಗೇ ಇಳಿಬಿಟ್ಟೆ. ನೀರು ಟ್ಯಾಂಕಿನಿಂದ ಹೊರಟು ಟ್ಯಾಂಕಿಗೇ ಬರುತ್ತಿತ್ತು. ಹತ್ತು ನಿಮಿಷ ಓಡಿಸಿದೆ. ಪಂಪಿನಲ್ಲಿ 12 ವೋಲ್ಟ್, 14 ಆಂಪಿಯರ್, ದೀಪ ಹಸಿರು, ಫ್ಲಶ್ಶಿಗೆ ಬಿಕ್ಕಳಿಕೆ ಇಲ್ಲ. ಖುಷಿಯಾಗಿ ಮನೆಗೆ ಬಂದೆ.

ಎರಡನೇ ಫೋನು

ಎರಡು ವಾರದ ಮೇಲೆ ಫೋನ್ ಬಂತು. ದೂರ ಹೋಗಿ ಪಂಪ್ ಹಾಕಿದ್ದಾರೆ, ಎರಡು ನಿಮಿಷ ಆಗುವುದರೊಳಗೆ ಫ್ಯೂಸ್ ಹೋಗಿದೆ. ಇನ್ನೊಂದು ಹಾಕಿದ್ದಾರೆ, ಅದೂ ಹೋಗಿದೆ.

"ನೀವು ಬರೋಕೆ ಮುಂಚೆ ನಿಧಾನಕ್ಕಾದ್ರೂ ಖಾಲಿ ಆಗ್ತಿತ್ತು. ಈಗ ಅದೂ ಇಲ್ಲ. 30ರದ್ದು ಇನ್ನೂ ನಾಲ್ಕು ಇದಾವೆ, ಹಾಕಿಬಿಡ್ಲಾ?"

ಈ ಪ್ರಕರಣದ ತಿರುವು ಇದೇ. ಹಾಕಿ ಅಂದಿದ್ದರೆ ಬಹುಶಃ ಓಡುತ್ತಿತ್ತು. ಹೊಸ ತಂತಿ ಅದನ್ನು ತಾಳಿಕೊಳ್ಳುತ್ತಿತ್ತು. ಪಂಪ್ ತಾಳುತ್ತಿರಲಿಲ್ಲ, ಅದಕ್ಕೆ ತಯಾರಕರು ಕೊಟ್ಟ ಮಿತಿಯೇ 20. ಬೇಡ, ಬರುತ್ತೇನೆ ಅಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ನಾನು ಓಡಿಸಿದಾಗ ಹತ್ತು ನಿಮಿಷ ಸರಿಯಿದ್ದದ್ದು ಇವರು ಓಡಿಸಿದರೆ ಎರಡು ನಿಮಿಷವೂ ಯಾಕೆ ಇಲ್ಲ? ಪಂಪ್ ಅದೇ, ತಂತಿ ಅದೇ, ಫ್ಯೂಸ್ ಅದೇ. ಬೇರೆ ಇದ್ದದ್ದು ನನ್ನ ಪರೀಕ್ಷೆ.

ಈ ಸಲ ಮುಚ್ಚಳ ಮುಟ್ಟಲಿಲ್ಲ. ಟ್ಯಾಂಕಿಗೆ ಒಳ್ಳೆಯ ನೀರು ತುಂಬಿಸಿ, ಹೊರಹೋಗುವ ಹೋಸನ್ನು ದಡದ ಮೇಲಿನ ಡ್ರಮ್ಮಿಗೆ ಹಾಕಿ, ಕ್ಲ್ಯಾಂಪ್ ಮೀಟರ್ ಹಿಡಿದು ಕುಳಿತೆ. ಶುರುವಿಗೆ 14. ಅರ್ಧ ನಿಮಿಷಕ್ಕೆ 17. ಸದ್ದು ಬದಲಾಯಿತು, ಏರು ಹತ್ತುವ ಗಾಡಿಯ ಹಾಗೆ ತಿಣುಕತೊಡಗಿತು. 21, 24. ಶಾರ್ಟ್ ಆದ ತಂತಿ ಹೀಗೆ ಮೆಟ್ಟಿಲು ಹತ್ತುವುದಿಲ್ಲ, ಒಂದೇ ಏಟಿಗೆ ಹಾರುತ್ತದೆ. ಟಾರ್ಚ್ ಬಿಟ್ಟು ಟ್ಯಾಂಕ್ ನೋಡಿದೆ. ಅದರ ಪಕ್ಕದ ಗೋಡೆ ಉಸಿರು ಎಳೆದುಕೊಂಡ ಹೊಟ್ಟೆಯ ಹಾಗೆ ಒಳಗೆ ಹೋಗಿತ್ತು. 28 ತೋರಿಸುವಾಗ ಫ್ಯೂಸ್ ಹೋಯಿತು.

ಟ್ಯಾಂಕಿನ ನೆತ್ತಿಯಲ್ಲಿ ವೆಂಟ್ ಪೈಪಿನ ಕ್ಲಿಪ್ ಸಡಿಲಿಸಿ ಹೋಸ್ ಅಲ್ಲಾಡಿಸಿದೆ. ಉಸ್ಸ್ ಅಂತ ಗಾಳಿ ಒಳಗೆ ನುಗ್ಗಿತು. ಪ್ಲಾಸ್ಟಿಕ್ ಗೋಡೆ ದಡ್ ಅಂತ ಹೊರಗೆ ಬಂತು. ಮಾಲೀಕರು ಹಿಂದಕ್ಕೆ ಹಾರಿದರು. ಹೋಸ್ ಹಾಗೇ ಬಿಚ್ಚಿಟ್ಟು ಹೊಸ ಹಳದಿ ಫ್ಯೂಸ್ ಹಾಕಿ ಓಡಿಸಿದೆ. 14. ಕೊನೆಯವರೆಗೂ 14.

ಇದ್ದಿಲಿನ ಫಿಲ್ಟರ್ ಬಿಚ್ಚಿದರೆ ಒಳಗೆ ಇದ್ದಿಲು ಹಸಿ ಸಗಣಿಯ ಬೆರಣಿಯಂತೆ ಗಟ್ಟಿಯಾಗಿತ್ತು. ಬಾಯಿ ಹಚ್ಚಿ ಊದಿ ನೋಡುವ ಮನಸ್ಸಾಗಲಿಲ್ಲ. ಸೈಕಲ್ ಪಂಪಿನಿಂದ ಊದಿದೆ, ಎಲ್ಲೋ ಎಳೆಯಷ್ಟು ಗಾಳಿ ಹೋಗುತ್ತಿತ್ತು. ಆಗ ಮಾಲೀಕರಿಗೆ ನೆನಪಾಯಿತು. ಮೊದಲ ಫ್ಯೂಸ್ ಹೋಗುವ ಮುಂಚಿನ ಪ್ರವಾಸದಲ್ಲಿ ಜನ ಜಾಸ್ತಿ ಇದ್ದರು, ಟ್ಯಾಂಕ್ ಕಂಠಮಟ್ಟ ತುಂಬಿ ವೆಂಟಿನಿಂದ ಹೊರಗೆ ಹನಿದಿತ್ತು. ಆಮೇಲೆ ಒಂದು ಒಳ್ಳೆಯದಾಯಿತು ಅಂತ ಅವರು ಅಂದುಕೊಂಡಿದ್ದರು: ಪಕ್ಕದಲ್ಲಿ ಆಗಾಗ ಬರುತ್ತಿದ್ದ ವಾಸನೆ ಪೂರ್ತಿ ನಿಂತುಹೋಯಿತು. ಫ್ಲಶ್ ಮಾಡಿದಾಗ ಬಟ್ಟಲಿನಲ್ಲಿ ಗುಳುಗುಳು ಗುಳ್ಳೆ ಏಳುತ್ತಿದ್ದದ್ದೂ ನಿಜ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬಿಡಿಸಿ ಜೋಡಿಸಿದರೆ

ವೆಂಟ್ ಕಟ್ಟಿತು. ಪಂಪು ನೀರನ್ನಲ್ಲದೆ ಟ್ಯಾಂಕಿನೊಳಗಿನ ನಿರ್ವಾತದ ಜೊತೆಗೂ ಗುದ್ದಾಡಬೇಕಾಯಿತು. ಕರೆಂಟು ಏರಿ 20ರ ಫ್ಯೂಸ್ ಹೋಯಿತು. ಅದು ನಿಜವನ್ನೇ ಹೇಳುತ್ತಿತ್ತು. 30 ಹಾಕಿ ಅದರ ಬಾಯಿ ಮುಚ್ಚಿಸಿದರು. ಆ ಹೆಚ್ಚಿನ ಕರೆಂಟು ಮೊದಲೇ ತುಕ್ಕು ಹಿಡಿಯುತ್ತಿದ್ದ ಗಂಟನ್ನು ಸುಟ್ಟಿತು. ಗಂಟು ಕೆಟ್ಟದ್ದಕ್ಕೆ ದೀಪ ಸುಳ್ಳು ಹೇಳಿತು. ದೀಪವನ್ನು ನಂಬಿ ಪಂಪನ್ನು ನೀರಿಲ್ಲದೆ ಓಡಿಸಿದರು.

ಇದರಲ್ಲಿ ನನಗೆ ಅತಿ ವಿಚಿತ್ರ ಅನ್ನಿಸಿದ್ದು ಬೇರೆ. ಕೆಟ್ಟ ಗಂಟು ಒಂದು ರೀತಿಯಲ್ಲಿ ಕಟ್ಟಿದ ವೆಂಟನ್ನು ಕಾಪಾಡಿಕೊಂಡು ಬಂದಿತ್ತು. 9.8 ವೋಲ್ಟಿನಲ್ಲಿ ಪಂಪ್ ನಿಧಾನವಾಗಿ ತಿರುಗುತ್ತಿದ್ದರಿಂದ ಆ ಎಳೆಯಷ್ಟು ಗಾಳಿಯೂ ಹೇಗೋ ಸಾಲುತ್ತಿತ್ತು. ನಾನು ತಂತಿ ಸರಿಮಾಡಿದೆ, ಪಂಪಿಗೆ ಪೂರ್ತಿ ಬಲ ಬಂತು, ಮೊದಲ ದೋಷ ಮತ್ತೆ ಎದ್ದು ಕುಳಿತಿತು. ಮಾಲೀಕರಿಗೆ ನಾನು ಕೆಡಿಸಿದೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ.

ನನ್ನ ತಪ್ಪು ಮುಚ್ಚಳ ತೆಗೆದಿಟ್ಟದ್ದು. ಹೊರಗೆ ಚೆಲ್ಲಬಾರದು ಅನ್ನುವ ಒಳ್ಳೆಯ ಕಾರಣಕ್ಕೇ ತೆಗೆದಿದ್ದೆ. ಆದರೆ ಆ ತೂತಿನಿಂದ ಬೇಕಾದಷ್ಟು ಗಾಳಿ ಬರುತ್ತಿತ್ತು, ನೀರಿನ ಮಟ್ಟವೂ ಇಳಿಯುತ್ತಿರಲಿಲ್ಲ. ಯಾವ ಸ್ಥಿತಿಯಲ್ಲಿ ಫ್ಯೂಸ್ ಹೋಗುತ್ತಿತ್ತೋ ಅದನ್ನು ನಾನೇ ಅಳಿಸಿಹಾಕಿ ಪರೀಕ್ಷೆ ಮಾಡಿದ್ದೆ. ಈಗ ಡ್ರಮ್ ಹೊತ್ತುಕೊಂಡೇ ಹೋಗುತ್ತೇನೆ, ಮುಚ್ಚಳ ಹಾಕಿಯೇ ಓಡಿಸುತ್ತೇನೆ.

ಇನ್ನೊಂದು ಅಭ್ಯಾಸವೂ ಬದಲಾಗಿದೆ. ಫ್ಯೂಸ್ ಹೋಗುತ್ತದೆ ಅಂತ ಯಾರಾದರೂ ಕರೆದರೆ ಮೊದಲು ಕ್ಲ್ಯಾಂಪ್ ಮೀಟರ್ ಹಿಡಿದು ಕರೆಂಟು ಹೇಗೆ ಏರುತ್ತದೆ ಅಂತ ನೋಡುತ್ತೇನೆ, ಎಷ್ಟು ಅನ್ನುವುದು ಆಮೇಲೆ. ತಟ್ಟನೆ ಏರಿದರೆ ತಂತಿ ಅಥವಾ ಸಿಕ್ಕಿಹಾಕಿಕೊಂಡ ಪಂಪ್. ಮೆಲ್ಲಗೆ ಏರಿದರೆ ಟೂಲ್‌ಬಾಕ್ಸ್ ಪಕ್ಕಕ್ಕಿಟ್ಟು ಪೈಪುಗಳ ಕಡೆ ಹೋಗುತ್ತೇನೆ. ಬರೀ 12.6 ವೋಲ್ಟ್ ನೋಡಿ ತಂತಿ ಸರಿಯಿದೆ ಅನ್ನುವುದನ್ನು ಬಿಟ್ಟಿದ್ದೇನೆ. 21 ವ್ಯಾಟಿನ ಒಂದು ಹಳೆ ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡಿದ್ದೇನೆ, ಅದನ್ನು ಉರಿಸಿಕೊಂಡು ಅಳೆಯುತ್ತೇನೆ. ಪೂರ್ತಿ ಕೆಟ್ಟ ತಂತಿಯಾದರೆ ಬಲ್ಬು ಮಂಕಾಗಿಯೇ ತೋರಿಸಿಬಿಡುತ್ತದೆ. ಈ ಗಂಟಿನಂಥದ್ದಕ್ಕೆ ಬಲ್ಬೂ ಸಾಲದು, ಪಂಪನ್ನೇ ಓಡಿಸಬೇಕು.

ಹೊಸ ಫಿಲ್ಟರ್ ಹಾಕಿ, ಅದನ್ನು ಟ್ಯಾಂಕಿಗಿಂತ ಎತ್ತರದ ಜಾಗಕ್ಕೆ ಸರಿಸಿದೆವು. ಹೊರಡುವಾಗ ಉಳಿದ ನಾಲ್ಕು ಹಸಿರು ಫ್ಯೂಸನ್ನು ಕೇಳಿ ಇಸಿದುಕೊಂಡೆ. ಒಂದು ತಿಂಗಳ ಮೇಲೆ ಮಾಲೀಕರೇ ಫೋನ್ ಮಾಡಿದರು. ಎಲ್ಲ ಸರಿಯಿದೆ, ಮೂರೇ ನಿಮಿಷಕ್ಕೆ ಖಾಲಿಯಾಗುತ್ತದೆ, ಆದರೆ ಬೋಟಿನ ಪಕ್ಕದಲ್ಲಿ ಯಾವಾಗಲಾದರೂ ಒಮ್ಮೆ ತೆಳ್ಳಗೆ ವಾಸನೆ ಬರುತ್ತದೆ ಅಂದರು.

"ಬರ್ಲಿ ಬಿಡಿ" ಅಂದೆ.